ಗೌರಕ್ಕನ ಬಾವಿಗೆ ಒಂಬತ್ತು ದಿನ

ಮೊನ್ನೆ ಮೆಣಸು ಕೊಯ್ಯುವ ಏಣಿಗೆ ಕಟ್ಟಲು ಹಗ್ಗ ಹುಡುಕಿಕೊಂಡು ಹೋದ ಅಮ್ಮ ಶೆಡ್ಡಿನಿಂದ ಒಂದು ವಿಚಿತ್ರ ಹಗ್ಗ ಹಿಡಿದುಕೊಂಡು ಬಂದಳು. ಗೇಣಿಗೊಂದು ಗಂಟು, ಐದು ಗೇಣಿಗೊಂದು ಕೆಂಪು ಬಟ್ಟೆಯ ಚೂರು, ತುದಿಯಲ್ಲಿ ತಕ್ಕಡಿಯ ಹಳೆಯ ತೂಕದ ಕಲ್ಲು.

"ಇದೆಂತದೇ? ಯಾರಿಗಾದ್ರೂ ಮಾಟ ಮಾಡ್ಸಿದೀಯ?"

"ಬಾವಿ ಅಳೆಯೋ ಹಗ್ಗ ಅಮ್ಮ."

"ಅಳೆದಾಯ್ತಲ್ಲ. ಗಂಟು ಬಿಚ್ಚಿ ಕೊಡು."

ಬಿಚ್ಚಲು ಕೂತೆ. ಬಾವಿಯಲ್ಲಿ ನೆನೆದು ಬಿಸಿಲಲ್ಲಿ ಒಣಗಿ ಗಂಟುಗಳೆಲ್ಲ ಕಲ್ಲಾಗಿದ್ದವು. ಮೂರನೆಯದಕ್ಕೆ ಉಗುರು ಮುರಿಯಿತು. ಆಮೇಲೆ ಬಿಚ್ಚುವುದನ್ನು ಬಿಟ್ಟು ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತೆ. ಅದು ನನ್ನನ್ನು ಎಲ್ಲಿಗೆ ಕರೆದುಕೊಂಡು ಹೋಯಿತೋ ಅಲ್ಲಿಗೆ ನೀವೂ ಬನ್ನಿ. ದಾರಿ ಸ್ವಲ್ಪ ಸುತ್ತು.

ನಾನು ವಾದ ಮಾಡುವವಳು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲ ಒಂದಿತ್ತು; ಈಗ ಡಾಕ್ಟರ ಮುಂದೆ ಕಾಯಿಲೆ ಹೇಳಿಕೊಳ್ಳುವ ದನಿಯಲ್ಲಿ ಹೇಳುತ್ತೇನೆ. ಏಳನೇ ಕ್ಲಾಸಿನಲ್ಲಿದ್ದಾಗ ಕಳಸದಲ್ಲೊಂದು ಚರ್ಚಾಸ್ಪರ್ಧೆ. ಜೀಪಿನ ಹಿಂದಿನ ಸೀಟಿನಲ್ಲಿ ಕೂತು, ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿಕೊಂಡು ತಲುಪಿದ್ದೆ. ವಿಷಯ, ವಿಜ್ಞಾನ ವರವೋ ಶಾಪವೋ. ಜೊತೆಗೆ ಬಂದಿದ್ದ ಅಪ್ಪ ಮೆಲ್ಲಗೆ ಕೇಳಿದರು: "ನೀನು ಯಾವ ಕಡೆ ಮಗಾ?"

"ಯಾವ ಚೀಟಿ ಬರ್ತದೋ ಆ ಕಡೆ."

ಅಪ್ಪ ನನ್ನನ್ನು ಒಂದು ಕ್ಷಣ ಬೇರೆಯವರ ಮನೆಯ ಮಗುವನ್ನು ನೋಡುವ ಹಾಗೆ ನೋಡಿದರು. ಶಾಪದ ಚೀಟಿ ಬಂತು, ಮೊದಲ ಬಹುಮಾನವೂ ಬಂತು: ಒಂದು ಸ್ಟೀಲ್ ಡಬ್ಬಿ. ಮುಂದಿನ ವರ್ಷ ವರದ ಚೀಟಿಗೂ ಒಂದು ಡಬ್ಬಿ. ನಮ್ಮ ಅಡುಗೆಮನೆಯ ಸಾಸಿವೆ, ಜೀರಿಗೆ, ಮೆಂತ್ಯ ಎಲ್ಲವೂ ಇವತ್ತಿಗೂ ನನ್ನ ಮಾತುಗಾರಿಕೆಯೊಳಗೇ ಕೂತಿವೆ.

ಮಾತಿನ ಜೊತೆ ಸಂಶಯವೂ ಬೆಳೆಯಿತು. ಎರಡು ವರ್ಷದ ಹಿಂದೆ ಮಲ್ಲಂದೂರಿನ ಹತ್ತಿರದ ನಮ್ಮ ದೊಡ್ಡಪ್ಪ ಬೋರ್‌ವೆಲ್ ತೆಗೆಸಲು ಹೊರಟರು. ರೊಬಸ್ಟಾ ಕಾಫಿ ತೋಟಕ್ಕೆ ಫೆಬ್ರವರಿ, ಮಾರ್ಚಿನಲ್ಲಿ ಒಂದು ಹೂಮಳೆ ಬೀಳಬೇಕು. ಬಿದ್ದರೆ ಮೊಗ್ಗು ಬಿರಿಯುತ್ತದೆ, ಬೀಳದಿದ್ದರೆ ಗಿಡದ ಮೇಲೇ ಸುಡುತ್ತದೆ. ಮಳೆಯನ್ನು ನಂಬಿ ಕೂರುವ ದಿನ ಹೋಯಿತು ಅನ್ನುವುದು ದೊಡ್ಡಪ್ಪನ ತೀರ್ಮಾನ. ನೀರು ನೋಡುವವರೊಬ್ಬರು ಬಂದು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ನಡೆದರು. ಮೇಲಿನ ಬ್ಲಾಕಿನ ಒಂದು ಕಡೆ ಕಾಯಿ ಎದ್ದು ನಿಂತಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇನ್ನೊಂದು ಸಲ ಅದೇ ಜಾಗ ತೋರಿಸಿ ಅಂದೆ. ಅವರು ತಮಗೆ ಸೊಂಟ ಹಿಡಿದಿದೆ ಅಂದರು. ಅಲ್ಲೇ ಕೊರೆಸಿದರು, ನೀರು ಬಂತು. ಅದು ಕಾಕತಾಳೀಯ ಎಂದು ಆವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಎಲ್ಲದರಲ್ಲೂ ಸೋತೆ ಎಂದು ನೀವು ತಿಳಿಯಬಾರದು, ಅದಕ್ಕೆ ಹೇಳಿದೆ.

ಆ ಬೋರಿನ ಕೆಳಗೆ, ಇಳಿಜಾರಿನ ಬುಡದಲ್ಲಿ ಗೌರಕ್ಕನ ಮನೆ. ಗಂಡ ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು, ವಾರಕ್ಕೊಮ್ಮೆ ಬರುವವರು. ಮನೆಯಲ್ಲಿ ಗೌರಕ್ಕ ಮತ್ತು ಅವರ ಅತ್ತೆ; ನಮಗೆಲ್ಲ ಅವರು ಅಜ್ಜಿ. ಎರಡೆಕರೆ ಕಾಫಿ, ಅದಕ್ಕಿಂತ ಹೆಚ್ಚಾಗಿ ಒಂದು ಮೆಣಸಿನ ನರ್ಸರಿ. ಫೆಬ್ರವರಿಯಲ್ಲಿ ಬಳ್ಳಿಯ ತುಂಡುಗಳನ್ನು ಕವರಿನ ಮಣ್ಣಿಗೆ ಊರಿ, ಬೇಸಗೆಯಿಡೀ ನೀರು ಕೊಟ್ಟು, ಜೂನಿನಲ್ಲಿ ಸುತ್ತಲಿನವರಿಗೆಲ್ಲ ಗಿಡ ಕೊಡುವವರು ಗೌರಕ್ಕ. ಆ ನೀರು ಬರುವುದು ಅಂಗಳದ ಬಾವಿಯಿಂದ. ಅತ್ತೆಯ ಗಂಡ, ಅಂದರೆ ಗೌರಕ್ಕನ ಮಾವ, ತಾವೇ ಇಳಿದು ತೋಡಿದ ಬಾವಿ. ಅಜ್ಜಿ ಅದನ್ನು ಬಾವಿ ಎನ್ನುವುದಿಲ್ಲ, "ಅವ್ರು" ಎನ್ನುತ್ತಾರೆ. "ಅವ್ರ ಕಟ್ಟೆ ಮೇಲೆ ಬಟ್ಟೆ ಒಗಿಬೇಡ" ಎಂದರೆ ಬಾವಿಕಟ್ಟೆ ಎಂದು ನಾವು ಅರ್ಥ ಮಾಡಿಕೊಳ್ಳಬೇಕು.

ಬೋರಿಗೆ ಪಂಪು ಇಳಿಸಿದ ದಿನ ಗೌರಕ್ಕ ಸೆರಗು ಸಿಕ್ಕಿಸಿಕೊಂಡು ಮೇಲೆ ಬಂದರು.

"ಅಯ್ಯಾ, ನೀವು ಮೇಲೆ ಎಳೆದ್ರೆ ಕೆಳಗೆ ನನ್ನ ಬಾವಿ ಎಂತಾಗ್ಬೇಕು?"

ದೊಡ್ಡಪ್ಪ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಗೇಟಿನಲ್ಲೇ ಮಾತು ಮುಗಿಸುತ್ತಿದ್ದರು, ಈ ಪ್ರಬಂಧವೂ ಇರುತ್ತಿರಲಿಲ್ಲ. ಅವರು ಪೆಚ್ಚಾಗಿ ನನ್ನ ಕಡೆ ನೋಡಿದರು. ನಾನಾಗ ಬಿ.ಎಸ್ಸಿ. ಕೊನೆಯ ವರ್ಷ, ಭೂವಿಜ್ಞಾನ ಒಂದು ವಿಷಯ. ಮನೆತನದ ವಕೀಲಿಕೆಯೂ ನನ್ನದೇ.

"ವಾದ ಯಾಕೆ? ಪರೀಕ್ಷೆ ಮಾಡೋಣ" ಎಂದೆ, ಬಹಳ ನ್ಯಾಯವಂತಳ ಹಾಗೆ. "ಪಂಪು ಓಡ್ತಾ ಇರ್ಲಿ. ನಾನು ದಿನಕ್ಕೆರಡು ಸಲ ಬಾವಿ ಅಳಿತೀನಿ. ಇಳಿದ್ರೆ ಪಂಪು ಬಂದ್."

"ಎಷ್ಟು ದಿನ?" ದೊಡ್ಡಪ್ಪ ಕೇಳಿದರು.

"ಒಂಬತ್ತು ದಿನ" ಎಂದು ನಾನೂ ಗೌರಕ್ಕನೂ ಒಟ್ಟಿಗೆ ಹೇಳಿದೆವು. ದೊಡ್ಡಪ್ಪ, ಅದು ಸರಿ ಎಂದು ತಲೆಯಾಡಿಸಿದರು.

ಈಗ ಯೋಚಿಸಿದರೆ ನಗು ಬರುತ್ತದೆ, ಪೂರ್ತಿ ಬರುವುದಿಲ್ಲ. ಯಾಕೆ ಒಂಬತ್ತು? ಮೂವರಲ್ಲಿ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ನಮ್ಮ ಬೆಟ್ಟಗಳಲ್ಲಿ ನೀರು ಬಿದ್ದ ಒಂಬತ್ತನೇ ದಿನ ಕಾಫಿ ಹೂವಾಗುತ್ತದೆ. ಒಂದು ದಿನ ಆಚೀಚೆ ಆದೀತು. ಆದರೆ ಮಳೆ ಬಿದ್ದ ಸಂಜೆಯೇ ನಾವು ಬೆರಳು ಮಡಿಸಲು ಶುರು ಮಾಡುತ್ತೇವೆ. ಮದುವೆಯ ದಿನ ಗೊತ್ತು ಮಾಡುವಾಗಲೂ, ಪೇಟೆಯ ನೆಂಟರನ್ನು ಕರೆಯುವಾಗಲೂ ಆ ಲೆಕ್ಕ ಮನಸ್ಸಿನಲ್ಲಿರುತ್ತದೆ. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ, ಒಣಗಿತೋ ಇಲ್ಲವೋ ಎನ್ನುವುದನ್ನು ನಮ್ಮವರು ಬೇಳೆಯನ್ನು ಹಲ್ಲಲ್ಲಿ ಕಚ್ಚಿ ಹೇಳುತ್ತಾರೆ. ಚಿಕ್ಕವಳಿದ್ದಾಗ ನಾನೂ ದೊಡ್ಡಪ್ಪನ ಜೊತೆ ಕಣದಲ್ಲಿ ಕೂತು ಕಚ್ಚಿ, "ಇನ್ನೆರಡು ಬಿಸಿಲು" ಎಂದು ಗಂಭೀರವಾಗಿ ಹೇಳುತ್ತಿದ್ದೆ. ಆ ವರ್ಷ ನನಗೆ ಮುಂದಿನ ಎರಡು ಹಲ್ಲೇ ಇರಲಿಲ್ಲ. ಕಾಲದ ವಿಷಯದಲ್ಲಿ ನಾವು ಇಷ್ಟು ಪಳಗಿದವರು. ಹಾಗಾಗಿಯೇ ಗಿಡ ಒಂಬತ್ತು ದಿನದಲ್ಲಿ ಉತ್ತರ ಕೊಡುತ್ತದಾದರೆ ನೆಲವೂ ಅಷ್ಟರಲ್ಲೇ ಕೊಡಬೇಕು ಎಂದು ನಮಗೆ ಅನ್ನಿಸಿಬಿಟ್ಟಿತು.

ಹಗ್ಗಕ್ಕೆ ಗಂಟು ಹಾಕಿದ್ದು ಆಗ. ಬೆಳಿಗ್ಗೆ ಸಂಜೆ ಇಳಿಜಾರು ಇಳಿದು ಹೋಗಿ ಕಲ್ಲು ಬಿಡುತ್ತಿದ್ದೆ. ಗೌರಕ್ಕ ಪಕ್ಕದಲ್ಲಿ ನಿಂತು ಗಂಟು ಎಣಿಸುತ್ತಿದ್ದರು. ಅಜ್ಜಿ ಜಗಲಿಯಿಂದ, "ಅವ್ರಿಗೆ ಜ್ವರ ನೋಡ್ತಿದೀರೇನೇ?" ಎಂದು ಕೇಳುತ್ತಿದ್ದರು. ಒಂಬತ್ತು ದಿನದಲ್ಲಿ ನೀರು ಇಳಿದದ್ದು ಎರಡು ಬೆರಳು. ಬೇಸಗೆಯಲ್ಲಿ ಅಷ್ಟು ಯಾವ ಬಾವಿಯೂ ಇಳಿಯುತ್ತದೆ, ಗೌರಕ್ಕನೇ ಒಪ್ಪಿಕೊಂಡರು. ಹತ್ತನೇ ದಿನ ಬೆಳಿಗ್ಗೆ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿತ್ತು; ಅದರ ವಾಸನೆಯಲ್ಲಿ ನಿಂತು ನಾನು ತೀರ್ಪು ಕೊಟ್ಟೆ: ಬೋರಿಗೂ ಬಾವಿಗೂ ಸಂಬಂಧವಿಲ್ಲ.

"ನಿನ್ನ ಬಾಯಿಗೆ ನಾನಲ್ಲ ಮಾರಾಯ್ತಿ" ಎಂದು ಗೌರಕ್ಕ ನಕ್ಕು, ನನಗೊಂದು ಹಲಸಿನ ಹಪ್ಪಳದ ಕಟ್ಟು ಕೊಟ್ಟು ಕಳಿಸಿದರು.

ಪಂಪು ಮಾರ್ಚ್ ಕೊನೆಯ ತನಕ ಓಡಿತು, ನಿಂತಿತು. ಏಪ್ರಿಲ್‌ನಲ್ಲಿ ಗೌರಕ್ಕ ಎಂದಿನಂತೆ ಆಳು ಕರೆಸಿ ಬಾವಿಯ ಹೂಳು ತೆಗೆಸಿದರು. ಮೇ ತಿಂಗಳು ಬಂತು, ಬಾವಿ ಇಳಿಯತೊಡಗಿತು. ಯಾವ ಬೇಸಗೆಯಲ್ಲೂ ಕಾಣದಿದ್ದ ಅಡಿಯ ಮೆಟ್ಟಿಲು ಕಂಡಿತು. ಆಮೇಲೆ ಅದರ ಕೆಳಗಿನ ಬಂಡೆ. ಗೌರಕ್ಕ ಮತ್ತೆ ಮೇಲೆ ಬಂದರು. ಈ ಸಲ ಅವರ ಹಿಂದೆ ಅಜ್ಜಿಯೂ ಕೋಲೂರಿಕೊಂಡು ಬಂದಿದ್ದರು.

"ಅಯ್ಯಾ, ನನ್ನ ಗಿಡ ಎಲ್ಲ ಬಾಡ್ತಿದಾವೆ. ಹಳ್ಳದಿಂದ ಹೊತ್ತು ಹೊತ್ತು ಸಾಕಾಯ್ತು."

ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತಿದ್ದೆ. ವಾದ ಮಾಡುವವರಿಗೆ ಇದೊಂದು ಶಾಪ. ಎದುರಿನವರ ಮುಖಕ್ಕಿಂತ ಮೊದಲು ಅವರ ಮಾತಿನ ಬಿರುಕು ಕಾಣುತ್ತದೆ.

"ಗೌರಕ್ಕ, ಪಂಪು ನಿಂತು ಒಂದೂವರೆ ತಿಂಗಳಾಯ್ತು. ಓಡುವಾಗ ಇಳೀದಿದ್ದ ನೀರು ನಿಂತ ಮೇಲೆ ಹೆಂಗೆ ಇಳಿತದೆ? ಮಲಗಿದ ನಾಯಿ ಕಚ್ತದಾ?"

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಎದುರಾಳಿಯ ಕಾರಣವನ್ನು ಕೆಡವಿದರೆ ಸಾಲದು, ಆ ಜಾಗದಲ್ಲಿ ನಿನ್ನದೊಂದು ಕಾರಣ ಕೂರಿಸಬೇಕು ಎಂದು ನನಗೆ ಕಲಿಸಿದ್ದರು. ಕೂರಿಸಿದೆ.

"ನೀವು ಏಪ್ರಿಲ್‌ನಲ್ಲಿ ಹೂಳು ತೆಗ್ಸಿದ್ರಲ್ಲ? ಕೆರೆಯುವಾಗ ಒರತೆಯ ಬಾಯಿಗೇ ಏನಾದ್ರೂ ಆಗಿರಬಹುದು."

ಇದಕ್ಕೆ ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಚೆನ್ನಾಗಿ ಕೇಳಿಸಿತು, ಅಷ್ಟೆ. ಅಜ್ಜಿ ನಿಧಾನಕ್ಕೆ ಸೊಸೆಯ ಕಡೆ ತಿರುಗಿದರು. ಗೌರಕ್ಕ ನೆಲ ನೋಡುತ್ತಿದ್ದರು. ನಾನು ಗೆದ್ದೆ ಎಂದುಕೊಂಡು ಕೂತೆ.

ಆ ವರ್ಷ ಗೌರಕ್ಕನ ಗಿಡಗಳಲ್ಲಿ ಅರ್ಧಕ್ಕರ್ಧ ಒಣಗಿದವು. ಜೂನಿನಲ್ಲಿ ಮಳೆ ಹಿಡಿಯಿತು, ಬಾವಿ ತುಂಬಿತು. ಅಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಆದರೆ ಅಜ್ಜಿ ಅದರಿಂದಲೂ ಸಾಕ್ಷಿ ತೆಗೆದರು. ಹೂಳು ಮತ್ತೆ ಕೂತಿತು, ನೀರು ಮತ್ತೆ ಬಂತು. ಹಾಗಾದರೆ ಕೆರೆದದ್ದೇ ತಪ್ಪು. ತರ್ಕದಲ್ಲಿ ದೋಷ ಹುಡುಕುವವರು ಹುಡುಕಿಕೊಳ್ಳಲಿ, ಅದನ್ನು ಕಲಿಸಿದವಳು ನಾನು. "ದಿನಾ ಅದೇ ಮಾತಂತೆ" ಎಂದು ಅಮ್ಮ ಒಂದು ದಿನ ಹೇಳಿದಳು. "'ನನ್ನ ಗಂಡ ಇಳಿದು ತೋಡಿದ್ದನ್ನ ನೀನು ಕೆರೆದು ಕೊಂದೆ' ಅಂತಾರಂತೆ. ಇನ್ನು ಬಾವಿಗೆ ಯಾರೂ ಇಳಿಯೋ ಹಂಗಿಲ್ಲ, ನರ್ಸರಿಯೂ ಬೇಡ ಅಂದ್ರಂತೆ." ನಾನು ಆಗ ಎಂ.ಎಸ್ಸಿ. ಸೇರುವ ಗಡಿಬಿಡಿಯಲ್ಲಿದ್ದೆ. ಪಾಪ, ಎಂದೆ. ಪಾಪ ಎನ್ನುವುದು ಬಹಳ ಸುಲಭದ ಮಾತು.

ಅದೇ ಚಳಿಗಾಲದಲ್ಲಿ ತರಗತಿಯಲ್ಲಿ ಅಂತರ್ಜಲದ ಪಾಠ. ನಮ್ಮ ಮೇಡಂ ಮೆತ್ತಗೆ ಮಾತಾಡುವವರು. ಚರ್ಚಾಸ್ಪರ್ಧೆಯಲ್ಲಿ ಮೊದಲ ಸುತ್ತಿಗೇ ಹೊರಬೀಳುವ ದನಿ. ಅವರು ಬೋರ್ಡಿನ ಮೇಲೆ ಒಂದು ಗುಡ್ಡ ಬರೆದು ಹೇಳಿದರು: "ಇಲ್ಲಿ ನೀರೆತ್ತಲು ಶುರು ಮಾಡಿದ್ದೀರಿ. ನೆಲದೊಳಗಿನ ಹರಿವು ಅದಕ್ಕೆ ಹೊಂದಿಕೊಂಡು, ಇನ್ನು ಬದಲಾಗುವುದಿಲ್ಲ ಎನ್ನುವ ಸ್ಥಿರ ಸ್ಥಿತಿಗೆ ಬರಲು ಎಷ್ಟು ಕಾಲ ಬೇಕು? ನಿಖರವಾಗಿ ಬೇಡ. ದಿನವೋ, ತಿಂಗಳೋ, ವರ್ಷವೋ, ಅಷ್ಟು ಹೇಳಿ. ಅದನ್ನು ಹೇಳಲು ಬಾರದವರು ಬಾವಿಯಲ್ಲಿ ಇಣುಕಬೇಡಿ."

ಲೆಕ್ಕ ಸಣ್ಣದು. ದೂರವನ್ನು ದೂರದಿಂದಲೇ ಗುಣಿಸಿ. ಮಣ್ಣು ಎಷ್ಟು ನೀರನ್ನು ಬಿಟ್ಟುಕೊಡುತ್ತದೆ ಎನ್ನುವುದರಿಂದ ಮತ್ತೆ ಗುಣಿಸಿ. ನೀರನ್ನು ಎಷ್ಟು ಸಲೀಸಾಗಿ ಸಾಗಲು ಬಿಡುತ್ತದೆ ಎನ್ನುವುದರಿಂದ ಭಾಗಿಸಿ. ದೂರ ಎರಡರಷ್ಟಾದರೆ ಕಾಲ ನಾಲ್ಕರಷ್ಟು. ಉದಾಹರಣೆಗೆ ಯಾವುದಾದರೂ ಗೊತ್ತಿರುವ ಜಾಗ ತೆಗೆದುಕೊಳ್ಳಿ ಎಂದರು. ನನಗೆ ಹೆಜ್ಜೆಹೆಜ್ಜೆಗೂ ಗೊತ್ತಿದ್ದದ್ದು ಒಂದೇ ಇಳಿಜಾರು. ಒಂಬತ್ತು ದಿನ ಹದಿನೆಂಟು ಸಲ ಹತ್ತಿ ಇಳಿದದ್ದು. ಸುಮಾರು ಇನ್ನೂರು ಮೀಟರು. ನಮ್ಮ ಕಡೆಯ ಮಣ್ಣಿಗೆ ಮೇಡಂ ಕೊಟ್ಟ ಅಂಕಿ ಹಾಕಿದೆ. ಸ್ಥಿರವಾಗಲು ಆರೇಳು ತಿಂಗಳು. ಪಂಪಿನ ಬಿಸಿ ಕೆಳಗಿನ ಬಾವಿಗೆ ಚೆನ್ನಾಗಿ ತಟ್ಟಲಿಕ್ಕೇ ಒಂದೂವರೆ, ಎರಡು ತಿಂಗಳು. ಅಷ್ಟರಲ್ಲಿ ಮೇಲೆ ಪಂಪು ನಿಂತಿದ್ದರೂ ಆಗಲೇ ಹೊರಟ ಕೊರತೆ ನಿಲ್ಲುವುದಿಲ್ಲ. ಅದು ತನ್ನ ಪಾಡಿಗೆ ಕೆಳಗಿಳಿಯುತ್ತಲೇ ಇರುತ್ತದೆ.

ತಪ್ಪಿರಬೇಕೆಂದು ಮತ್ತೆ ಮಾಡಿದೆ. ಅದೇ ಬಂತು. ಆ ಒಂಬತ್ತು ದಿನ ಬಾವಿ ಅಲುಗದೆ ಇದ್ದದ್ದು ಏನೂ ಆಗದ್ದರಿಂದಲ್ಲ, ಇನ್ನೂ ಶುರುವಾಗದ್ದರಿಂದ. ನಾನು ಪರದೆ ಏಳುವ ಮೊದಲೇ ನಾಟಕ ಚೆನ್ನಾಗಿಲ್ಲ ಎಂದು ಎದ್ದುಬಂದವಳು.

ಸಂಶಯ ನನ್ನ ಹುಟ್ಟುಗುಣವಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ಬಾವಿ ಇಳಿದದ್ದು ಬೋರಿನಿಂದಲೇ ಎಂದು ಈ ಲೆಕ್ಕ ಸಾಬೀತು ಮಾಡುವುದಿಲ್ಲ. ನನ್ನ ಪರೀಕ್ಷೆ ಏನನ್ನೂ ಸಾಬೀತು ಮಾಡಿರಲಿಲ್ಲ ಎನ್ನುವುದನ್ನು ಮಾತ್ರ ಮಾಡುತ್ತದೆ. ಇನ್ನು ಹೂಳು ತೆಗೆದರೆ ಒರತೆ ಸಾಯುತ್ತದೆ ಎಂಬ ನನ್ನ ಮಾತಿಗೆ ಯಾವ ಪುಸ್ತಕದಲ್ಲೂ ಒಂದು ಸಾಲು ಸಿಗಲಿಲ್ಲ. ಹುಡುಕದೆ ಬಿಡಲಿಲ್ಲ, ನಂಬಿ.

ಕಳೆದ ಫೆಬ್ರವರಿಯಲ್ಲಿ ಊರಿಗೆ ಬಂದವಳು ನೇರ ದೊಡ್ಡಪ್ಪನ ಕಣಕ್ಕೆ ಹೋದೆ. ಪಂಪು ಮರುದಿನ ಶುರುವಾಗಬೇಕಿತ್ತು. ಎಲ್ಲ ಹೇಳಿದೆ. ಅವರು ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು, ನನ್ನದೇ ಮಾತನ್ನು ನನ್ನ ಮೇಲೆ ಬಿಟ್ಟರು.

"ಮಲಗಿದ ನಾಯಿ ಕಚ್ತದಾ ಅಂದಿದ್ಯಲ್ಲ?"

"ಅಂದಿದ್ದೆ ದೊಡ್ಡಪ್ಪ. ತಪ್ಪಾಯ್ತು."

"ಓಡುವಾಗ ಇಳೀದ ನೀರು ನಿಂತ ಮೇಲೆ ಹೆಂಗೆ ಇಳಿತದೆ ಅಂದಿದ್ಯಲ್ಲ? ನಂಗೆ ಅದು ಭಾರಿ ಸರಿ ಕಂಡಿತ್ತು."

ನನ್ನ ಹಳೆಯ ವಾದವನ್ನು ಸೋಲಿಸಲು ನನಗೇ ಆಗಲಿಲ್ಲ. ಎಷ್ಟು ಬಿಗಿಯಾಗಿ ಕಟ್ಟಿದ್ದೆ! ದೂರವನ್ನು ದೂರದಿಂದಲೇ ಗುಣಿಸಬೇಕು ಎಂದೆ, ಅವರು ಆಕಳಿಸಿದರು. ನನ್ನನ್ನು ಕಾಪಾಡಿದ್ದು ಮೇಸ್ತ್ರಿ ಧರ್ಮಣ್ಣ. ಯಾರೋ ಒದ್ದೆ ಸಿಮೆಂಟಿನ ಮೇಲೆ ಹಲಗೆ ಹಾಕದೆ ಕಾಫಿ ಚೀಲ ಇಟ್ಟಿದ್ದಾರೆ, ಗೋಣಿಗೆ ಪಸೆ ಹತ್ತಿದೆ ಎಂದು ಹೇಳಲು ಬಂದರು. ದೊಡ್ಡಪ್ಪ ಕೂತಲ್ಲಿಂದಲೇ ಕೇಳಿದರು, "ಎಷ್ಟು ಹತ್ತಿದೆ?"

"ಒಂದು ಗೇಣು, ಅಯ್ಯಾ."

"ಹಂಗಾದ್ರೆ ನಿನ್ನೆ ಇಟ್ಟಿದ್ದು. ಇವತ್ತೇ ಎತ್ತಿಸು. ಎರಡನೇ ಗೇಣು ಹತ್ತೋಕೆ ಮೂರ್ನಾಲ್ಕು ದಿನ ತಗೊಳ್ತದೆ, ಅಷ್ಟರೊಳಗೆ ಒಣಗ್ತದೆ." ಧರ್ಮಣ್ಣ ಹೋದರು. "ಮೊದಲನೇ ಗೇಣು ಬೇಗ, ಆಮೇಲಾಮೇಲೆ ನಿಧಾನ. ಒದ್ದೆ ಜಾಗದಿಂದ ಎತ್ತಿಟ್ಟ ಮೇಲೂ ಸ್ವಲ್ಪ ಹತ್ತತಾನೇ ಇರ್ತದೆ, ಅದೊಂದು..." ಎಂದವರು ಅರ್ಧಕ್ಕೆ ನಿಲ್ಲಿಸಿದರು. ಕಣದ ಆಚೆ, ಇಳಿಜಾರಿನ ಕಡೆ ನೋಡಿದರು.

ನಾನು ಜೀವನದಲ್ಲಿ ಮೊದಲ ಸಲ ಗೆಲ್ಲುವ ಹೊತ್ತಿಗೆ ಬಾಯಿ ಮುಚ್ಚಿಕೊಂಡಿದ್ದೆ.

"ಹೌದನಾ?" ಎಂದರು ದೊಡ್ಡಪ್ಪ. "ಹಂಗಾದ್ರೆ ಆ ಹೆಂಗಸು ಹೇಳಿದ್ದು ಸರಿ ಇದ್ದಿರಬಹುದು."

"ಇದ್ದಿರಬಹುದು."

"ಈ ಸಲ ಒಂದೇ ಸುತ್ತು ನೀರು ಹಾಕ್ತೀನಿ. ಬೋರಿಂದ ಅವರ ತೊಟ್ಟಿಗೊಂದು ಪೈಪು ಎಳಿಸ್ತೀನಿ, ಬಾವಿ ಇಳಿದ್ರೆ ಮೇ ತಿಂಗಳಲ್ಲಿ ಬಿಡೋಣ. ಪೈಪು ನಾನು ಕಳಿಸ್ತೀನಿ." ಕನ್ನಡಕ ಹಾಕಿಕೊಂಡರು. "ಮಾತು ನೀನೇ ತಗೊಂಡು ಹೋಗು."

ಆ ಇನ್ನೂರು ಮೀಟರು ಇಳಿಯಲು ನನಗೆ ಹಿಡಿದ ಕಾಲವನ್ನು ಯಾವ ಸೂತ್ರವೂ ಹೇಳಲಾರದು. ಎರಡು ಸಲ ಸಿಲ್ವರ್ ಓಕಿನ ಬುಡದಲ್ಲಿ ನಿಂತು ಮಾತು ಜೋಡಿಸಿಕೊಂಡೆ. ಪೀಠಿಕೆ, ವಾದ, ಉಪಸಂಹಾರ. ಮೂರೂ ಗೌರಕ್ಕನನ್ನು ನೋಡಿದ ತಕ್ಷಣ ಮರೆತುಹೋದವು. ಅವರು ಬಾವಿಯ ಹತ್ತಿರ ನೀರು ಸೇದುತ್ತಿದ್ದರು. ಪಕ್ಕದ ನರ್ಸರಿ ಚಪ್ಪರದ ಕೆಳಗೆ ಬರೀ ನೆಲ. ಕವರಿನ ಕಟ್ಟುಗಳು ಬಿಚ್ಚದೆ ಮೂಲೆಯಲ್ಲಿ ಬಿದ್ದಿದ್ದವು.

"ಓ, ಯಾವಾಗ ಬಂದೆ? ಮತ್ತೆ ಜ್ವರ ನೋಡೋಕಾ?" ಎಂದರು.

"ಗೌರಕ್ಕ, ಹೂಳು ತೆಗ್ಸಿದ್ದಕ್ಕೆ ನೀರು ಹೋಗಿದ್ದಲ್ಲ. ಅದು ನಾನು ಸುಮ್ನೆ ಹೇಳಿದ್ದು. ಒಂಬತ್ತು ದಿನ ನೋಡಿದ್ದೂ ಸಾಲದು, ತಿಂಗಳುಗಟ್ಲೆ ನೋಡ್ಬೇಕಿತ್ತು. ನನಗೆ ಗೊತ್ತಿರ್ಲಿಲ್ಲ."

ಅವರ ಕೈಯಲ್ಲಿ ಹಗ್ಗ ನಿಂತಿತು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

"ನಂಗೆ ಹೇಳಿ ಎಂತ ಮಾಡ್ತೀಯ?" ಎಂದರು ಮೆಲ್ಲಗೆ. ಜಗಲಿಯ ಕಡೆ ಗಲ್ಲ ತೋರಿಸಿದರು. "ಅಲ್ಲಿ ಹೇಳು. ಜೋರಾಗಿ ಹೇಳು, ಅವರಿಗೆ ಈಗ ಕಿವಿ ಮಂದ."

ಅಜ್ಜಿ ಜಗಲಿಯಲ್ಲಿ ಮೆಣಸು ಬಿಡಿಸುತ್ತಾ ಕೂತಿದ್ದರು. ಹೋಗಿ ಎದುರು ನಿಂತೆ.

"ಅಜ್ಜಿ, ನಾನು ಅವತ್ತು ಹೇಳಿದ್ದು ತಪ್ಪು."

"ಎಂತ?"

"ಹೂಳು ತೆಗ್ಸಿದ್ದಕ್ಕೆ ನೀರು ಹೋಗಿದ್ದಲ್ಲ! ಗೌರಕ್ಕಂದು ತಪ್ಪಿಲ್ಲ!"

"ಎಂತ ತಪ್ಪು?"

ಮೂರನೇ ಸಲ ಎಷ್ಟು ಜೋರಾಗಿ ಕೂಗಿದೆನೆಂದರೆ, ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ಬುಟ್ಟಿ ಸಮೇತ ನಿಂತು ನೋಡಿದರು. "ತಪ್ಪು ನಂದು ಅಜ್ಜೀ! ನಂಗೆ ಗೊತ್ತಿಲ್ದೆ ಹೇಳಿದ್ದೆ!"

ಅಜ್ಜಿ ಮೆಣಸಿನ ಗೊಂಚಲನ್ನು ಮೊರದಲ್ಲಿಟ್ಟು ನನ್ನನ್ನು ನೋಡಿದರು. ಅಷ್ಟು ಹೊತ್ತು ಯಾರೂ ನನ್ನನ್ನು ನೋಡಿದ್ದಿಲ್ಲ.

"ಮತ್ತೆ ಅವತ್ತು ಅಷ್ಟು ಚೆಂದಾಗಿ ಹೇಳಿದ್ಯಲ್ಲ ಮಗಾ?"

ಅಜ್ಜಿ ಉತ್ತರಕ್ಕೆ ಕಾಯಲಿಲ್ಲ. ಮೊರದ ಮೆಣಸನ್ನು ಕೈಯಲ್ಲಿ ಆಡಿಸಿದರು. ಆಮೇಲೆ, ಕಿವಿ ಮಂದವಿದ್ದವರು ಕೂಗುವ ಹಾಗೆ, ಊರಿಗೆಲ್ಲ ಕೇಳುವಂತೆ ಕೂಗಿದರು:

"ಗೌರಾ, ಹೂಳು ತೆಗೆಯೋರಿಗೆ ಹೇಳಿ ಕಳ್ಸು. ಕವರಿಗೆ ಮಣ್ಣು ತುಂಬ್ಬೇಕಲ್ಲ, ತಡ ಆಗ್ತದೆ."

"ಕಳಿಸ್ತೀನಿ ಅತ್ತೆ" ಎಂದರು ಗೌರಕ್ಕ. ನಮ್ಮ ಕಡೆ ತಿರುಗದೆ ಹೇಳಿದರು. ಆಗಲೇ ತುಂಬಿದ್ದ ಕೊಡದ ಮೇಲೇ ಇನ್ನೊಂದು ಬಿಂದಿಗೆ ನೀರು ಸುರಿಯುತ್ತಿದ್ದರು. ಅದು ಉಕ್ಕಿ ಕಟ್ಟೆಯಿಂದ ಅವರ ಕಾಲ ಮೇಲೆ ಹರಿಯುತ್ತಿತ್ತು.